ನಡುವೆ ಕೊಯ್ದು ನೋಡದ ಬಿಲ್ಲೆ

ನಿವೃತ್ತಳಾಗಿ ಜೇವರ್ಗಿಗೆ ಬಂದು ನೆಲೆಸಿದ ಮೊದಲ ವಾರದಲ್ಲೇ ಎದುರುಮನೆಯ ಗಂಗಮ್ಮ ಕೇಳಿದಳು: "ಅಷ್ಟ್ ವರ್ಷ ಅಲ್ಲಿ ಏನ್ ಮಾಡ್ತಿದ್ರಿ ಶಾಂತಕ್ಕಾ?"

"ಲೋಹ ನೋಡ್ತಿದ್ದೆ" ಅಂದೆ.

"ಬರೇ ನೋಡಾದೂ ಒಂದ್ ನೌಕ್ರೀ ಏನ್ರಿ?"

ಅವಳ ಮಾತಿಗೆ ನಕ್ಕೆ. ಆದರೆ ಒಳಗೆ ಎಲ್ಲೋ ಚುಚ್ಚಿತು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ್ದು ಅದೊಂದೇ, ನೋಡುವುದು. ಹಾಗಿದ್ದೂ ನೋಡಲೇಬೇಕಾಗಿದ್ದ ಒಂದು ಸಲ ನೋಡಲಿಲ್ಲ. ಅದರಿಂದ ಒಬ್ಬ ಮನುಷ್ಯನ ಕೈಯಿಂದ ಅವನ ಕೆಲಸ ಹೋಯಿತು. ಗೊಬ್ಬೂರಿನ ಇಬ್ಬರು ಹುಡುಗಿಯರು ಈಗ ನನ್ನಂಥದೇ ಪ್ರಯೋಗಾಲಯಕ್ಕೆ ಸೇರುತ್ತಿದ್ದಾರೆ. ಹೋಗುವ ಮುಂಚೆ ಬಂದು, "ಏನಾದ್ರೂ ಹೇಳ್ರಿ ಮೇಡಂ" ಅಂದರು. ಅವತ್ತು ಚಹಾ ಕೊಟ್ಟು ಕಳಿಸಿದೆ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಫಜಲಪುರ ತಾಲ್ಲೂಕಿನ ಕರಜಗಿಯ ಕಂಬಾರರ ಮನೆಯವಳು. ಅಪ್ಪನ ಕುಲುಮೆಯಲ್ಲಿ ತಿದಿ ಒತ್ತುವುದು ನನ್ನ ಪಾಲಿನ ಕೆಲಸ. ಹಳೆಯ ಲಾರಿಯ ಸ್ಪ್ರಿಂಗಿನ ಪಾಟಾ ತಂದು ಅಪ್ಪ ಕುಂಟೆಯ ಕುಡ ಮಾಡುತ್ತಿದ್ದ. ಮಾಡುವ ಮೊದಲು ಆ ಪಾಟಾದ ಒಂದು ತುಂಡನ್ನು ಕಾಯಿಸಿ, ನೀರಿಗೆ ಅದ್ದಿ, ಅಡಿಗಲ್ಲಿನ ಅಂಚಿಗಿಟ್ಟು ಒಂದೇ ಪೆಟ್ಟಿಗೆ ಮುರಿಯುತ್ತಿದ್ದ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನನ್ನನ್ನು ಕರೆಯುತ್ತಿದ್ದ.

"ನೋಡ್ ಬೇ. ಜ್ವಾಳದ ನುಚ್ಚಿನಂಗ ಕಾಣಾಕತ್ತದೋ, ಹಿಟ್ಟಿನಂಗ ಕಾಣಾಕತ್ತದೋ?"

ನುಚ್ಚಿನಂತೆ ಕಂಡರೆ ಕಾವು ಹೆಚ್ಚಾಗಿದೆ, ಕುಡ ಕಲ್ಲಿಗೆ ತಾಗಿದರೆ ಮುರಿಯುತ್ತದೆ. ಹಿಟ್ಟಿನಂತೆ ಕಂಡರೆ ತಾಳುತ್ತದೆ. ಅಪ್ಪ ಯಾವಾಗಲೂ ತುಂಡಿನ ನಡುವಿಗೇ ಪೆಟ್ಟು ಹಾಕುತ್ತಿದ್ದ. ತುದಿಯನ್ನು ಮುರಿದರೆ ಸುಲಭವಲ್ಲವೇ ಎಂದು ಒಮ್ಮೆ ಕೇಳಿದ್ದೆ. "ತುದಿ ಲಗೂನ ಆರ್ತದ. ಅಲ್ಲಿ ಚೆಂದ ಕಂಡ್ರ ಏನ್ ತಿಳೀತದ ಬೇ?" ಅಂದಿದ್ದ. ಮುಂದೆ ಲೋಹಶಾಸ್ತ್ರದ ಡಿಪ್ಲೊಮಾದಲ್ಲಿ ಮೂರು ವರ್ಷ ಓದಿದ್ದರ ಸಾರ ಅಷ್ಟರಲ್ಲೇ ಇತ್ತು. ನನಗೆ ಅದು ಆಗ ತಿಳಿಯಲಿಲ್ಲ.

ಡಿಪ್ಲೊಮಾ ಮುಗಿಸಿ ಸೇರಿದ್ದು ದೂರದ ಊರೊಂದರ ಫೋರ್ಜಿಂಗ್ ಕಾರ್ಖಾನೆ. ಅಲ್ಲಿ ಟೈಟಾನಿಯಂ ಮಿಶ್ರಲೋಹವನ್ನು ಕಾಯಿಸಿ, ದೊಡ್ಡ ಯಂತ್ರದ ಸುತ್ತಿಗೆಯಲ್ಲಿ ಬಡಿದು, ವಿಮಾನದ ಎಂಜಿನ್ನಿನೊಳಗೆ ತಿರುಗುವ ಬಿಲ್ಲೆಗಳನ್ನು ಮಾಡುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥರು ರಾಜಗೋಪಾಲ ಸರ್. ಮೈಸೂರು ಕಡೆಯವರು. ದನಿ ಏರಿಸಿದವರಲ್ಲ. ತಪ್ಪು ಕಂಡರೆ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಲು ಶುರುಮಾಡುತ್ತಿದ್ದರು. ಅದನ್ನು ಕಂಡರೆ ನಾವೆಲ್ಲ ಬರೆದದ್ದನ್ನು ಮತ್ತೊಮ್ಮೆ ನೋಡುತ್ತಿದ್ದೆವು.

ಲೋಹವನ್ನು ನೋಡುವುದೆಂದರೆ ಹೀಗೆ. ಬಿಲ್ಲೆಯಿಂದ ಬೆರಳುಗುರಿನಷ್ಟು ಚೂರು ಕೊಯ್ಯಬೇಕು. ಅದನ್ನು ಪ್ಲಾಸ್ಟಿಕ್ ಅಚ್ಚಿನಲ್ಲಿ ಹುದುಗಿಸಿ, ಒರಟಿನಿಂದ ನುಣುಪಿನವರೆಗೆ ಒಂದಾದ ಮೇಲೊಂದು ಉಜ್ಜುಕಾಗದದ ಮೇಲೆ ತಿಕ್ಕಿ, ಕೊನೆಗೆ ಬಟ್ಟೆಯ ಮೇಲೆ ಕನ್ನಡಿಯಂತೆ ಹೊಳಪಿಸಬೇಕು. ಆಮೇಲೆ ಕೆಲವೇ ಕ್ಷಣ ಆಸಿಡ್ಡು. ಆಗ ಸೂಕ್ಷ್ಮದರ್ಶಕದ ಕೆಳಗೆ ಲೋಹದ ಒಳಗಿನ ನೇಯ್ಗೆ ಕಾಣುತ್ತದೆ. ಅದಕ್ಕೆ ಪುಸ್ತಕದಲ್ಲಿ ಸೂಕ್ಷ್ಮರಚನೆ ಅನ್ನುತ್ತಾರೆ.

ನನ್ನ ಮೊದಲ ತಿಂಗಳ ಚೂರೊಂದರಲ್ಲಿ ಎಲ್ಲೆಡೆ ಸೂಜಿಯಂಥ ಗೆರೆಗಳು ಕಂಡವು. ಓಡಿಹೋಗಿ, "ಸರ್, ಈ ಮಾಲು ಕೆಟ್ಟಿದೆ" ಅಂದೆ. ಸರ್ ಅದನ್ನು ತಗೊಂಡು ತಾವೇ ಬಟ್ಟೆಗೆ ಹಿಡಿದರು. ಮುಕ್ಕಾಲು ಗಂಟೆ ಉಜ್ಜಿದರು. ಮತ್ತೆ ನೋಡಿದಾಗ ಒಂದು ಸೂಜಿಯೂ ಇರಲಿಲ್ಲ. ಟೈಟಾನಿಯಂ ಅಂಟುಗುಣದ ಲೋಹ. ಅವಸರದಲ್ಲಿ ಉಜ್ಜಿದರೆ ಮೇಲ್ಮೈ ಸವೆಯುವ ಬದಲು ಸವರಿಕೊಳ್ಳುತ್ತದೆ, ಗೀರುಗಳು ಒಳಗೇ ಉಳಿಯುತ್ತವೆ.

"ನೀನು ನೋಡಿದ್ದು ಲೋಹ ಅಲ್ಲಮ್ಮ, ನಿನ್ನ ಅವಸರ" ಅಂದರು. ಆ ಸಂಜೆ ಹಾಸ್ಟೆಲಿನಲ್ಲಿ ಅತ್ತೆ. ಆದರೆ ಅದು ಯಾರಿಗೂ ನೋವಾಗದ ತಪ್ಪು. ಹೊಸಬರು ಅಂಥವನ್ನು ಧಾರಾಳವಾಗಿ ಮಾಡಬಹುದು.

ಮುಂದಿನದು ಅರ್ಥವಾಗಬೇಕಾದರೆ ಈ ಲೋಹದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ನಾವು ಬಳಸುತ್ತಿದ್ದ ಮಿಶ್ರಲೋಹದಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆಯ ಕಣಗಳು ಕೂಡಿಕೊಂಡಿರುತ್ತವೆ. ಸಾವಿರ ಡಿಗ್ರಿಗೆ ತುಸು ಕೆಳಗೆ ಒಂದು ಗೆರೆಯಿದೆ. ಆ ಗೆರೆಯ ಕೆಳಗೇ ಕಾಯಿಸಿ ಬಡಿದರೆ ಆಲ್ಫಾ ಚಿಕ್ಕಚಿಕ್ಕ ಗುಂಡುಕಾಳಾಗಿ ಉಳಿಯುತ್ತದೆ. ಗೆರೆ ದಾಟಿತೋ, ಎಲ್ಲವೂ ಬೀಟಾ ಆಗಿ, ಕಣಗಳು ಬೆಳೆದು ದಪ್ಪಗಾಗುತ್ತವೆ. ಅದು ಆರುವಾಗ ಪ್ರತಿ ದಪ್ಪ ಕಣದೊಳಗೂ ಆಲ್ಫಾ ಹಾಳೆಹಾಳೆಯಾಗಿ, ಒಂದೇ ದಿಕ್ಕಿಗೆ ಕಟ್ಟುಕಟ್ಟಾಗಿ ಕೂರುತ್ತದೆ.

ಹಾಳೆಯ ರಚನೆ ಕೆಟ್ಟದ್ದೆಂದು ಅಲ್ಲ. ಆಗಲೇ ಬಿದ್ದ ಬಿರುಕು ಅದರಲ್ಲಿ ನೆಟ್ಟಗೆ ಓಡಲಾರದೆ ಸುತ್ತಿ ಬಳಸಿ ಹೋಗುತ್ತದೆ, ಹಾಗಾಗಿ ತಡವಾಗಿ ಬೆಳೆಯುತ್ತದೆ. ಕೆಲವು ಭಾಗಗಳಿಗೆ ಅದನ್ನೇ ಬೇಕೆಂದು ಮಾಡುತ್ತಾರೆ. ಆದರೆ ಲಕ್ಷಾಂತರ ಸಲ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದಾಗ ಮೊದಲ ಬಿರುಕು ಹುಟ್ಟುವುದು ಹಾಳೆಯ ದಪ್ಪ ಕಟ್ಟುಗಳಲ್ಲೇ ಬೇಗ. ಗುಂಡುಕಾಳಿನಲ್ಲಿ ಅದು ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ. ತಿರುಗುವ ಬಿಲ್ಲೆಗೆ ಬೇಕಾದದ್ದು ಗುಂಡುಕಾಳು. ಇಲ್ಲೊಂದು ಮೋಸವಿದೆ. ಒಂದೇ ಸಲ ಎಳೆದು ಹರಿಯುವ ಪರೀಕ್ಷೆಯಲ್ಲಿ ಎರಡೂ ರಚನೆಗಳ ಬಲ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಅಂಕಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈಗ ಮಹಿಬೂಬಸಾಬರ ವಿಷಯ. ಅವರು ಆಳಂದದವರು, ಸುತ್ತಿಗೆ ನಡೆಸುವವರು. ನನಗಿಂತ ಹತ್ತು ವರ್ಷ ಹಿರಿಯರು. ಆ ಕಾರ್ಖಾನೆಯಲ್ಲಿ ನಮ್ಮ ಸೀಮೆಯ ಮಾತಾಡುವವರು ನಾವಿಬ್ಬರೇ. ನಾನು ಕ್ಯಾಂಟೀನಿನಲ್ಲಿ ರೊಟ್ಟಿಯ ಡಬ್ಬಿ ಬಿಚ್ಚಿದರೆ ದೂರದಿಂದಲೇ, "ಶೇಂಗಾ ಹಿಂಡಿ ತಂದೀರೇನ್ರಿ ಅಕ್ಕಾರ?" ಎಂದು ಕೂಗುತ್ತಿದ್ದರು. ಮನೆಯ ನೆನಪಾದ ದಿನ ಅವರೊಡನೆ ನಾಲ್ಕು ಮಾತಾಡಿದರೆ ಹಗುರಾಗುತ್ತಿತ್ತು.

ಕುಲುಮೆಯಿಂದ ಹೊರಬಂದ ಲೋಹವನ್ನು ಅವರು ಅಪ್ಪನ ಹಾಗೆಯೇ ನೋಡುತ್ತಿದ್ದರು, ತಲೆ ಒಂದು ಬದಿಗೆ ವಾಲಿಸಿ, ಕಣ್ಣು ಕಿರಿದು ಮಾಡಿ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಎದುರು ಕೂತು ಹೇಳಿದರು:

"ಅಕ್ಕಾರ, ಈಗಿನ ಮಾಲ ನನಗ್ಯಾಕೋ ಬರೋಬರಿ ಕಾಣವಲ್ದು. ಭಟ್ಟಿಯಾಗಿಂದ ತೆಗದಾಗ ಕೆಂಪ ಇರ್ತದ. ಹೊಡಕೋತ ಹ್ವಾದಂಗ ಬದಿಯಿಂದ ನೋಡಿದ್ರ ನಟ್ಟನಡುವ ಬೆಳ್ಳಗ ಆಗಾಕತ್ತದ. ಆರಬೇಕಾದ್ದು ಏರಾಕತ್ತದ್ರಿ."

"ಭಟ್ಟಿ ಮೀಟರ್ ಬರೋಬರಿ ಅದಲ್ಲ ಭಾಯಿ?"

"ಭಟ್ಟಿ ಬರೋಬರಿ ಅದ. ಹೊಡತದ ಬಿಸಿರಿ ಅದು. ಜರಾ ನಿಂತು ನಿಂತು ಹೊಡಿಬೇಕು. ಮ್ಯಾನೇಜರ್ ಸಾಹೇಬ್ರು ನಿಲ್ಲಗೊಡವಲ್ರು. ನೀವರ ಒಂದ್ ಮಾತ್ ಹೇಳ್ರಿ."

ಆಗ ಕೆಲಸದ ಒತ್ತಡ ಹೆಚ್ಚಾಗಿತ್ತು, ಫೋರ್ಜ್ ಮ್ಯಾನೇಜರರು ಸುತ್ತಿಗೆಯ ಹೊಡೆತಗಳ ನಡುವಿನ ಬಿಡುವನ್ನೇ ತೆಗೆಸಿದ್ದರು. ಮಹಿಬೂಬಸಾಬರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಈ ಲೋಹ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಬಿಡುವಿಲ್ಲದೆ ಬಡಿದರೆ ಬಡಿತದ ಬಿಸಿಯೇ ಒಳಗೆ ಕೂಡಿಕೊಂಡು, ಕುಲುಮೆಯ ಮೀಟರು ಏನೇ ತೋರಿಸಲಿ, ನಡುಭಾಗ ಆ ಗೆರೆ ದಾಟಿಬಿಡುತ್ತದೆ. ಪುಸ್ತಕ ಓದಿದವಳು ನಾನು. ಹೊಳೆಯಬೇಕಾಗಿತ್ತು. "ನೋಡೂಣ ಭಾಯಿ" ಅಂದು ಡಬ್ಬಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಒಂದು ರೂಢಿಯಿತ್ತು. ಒಟ್ಟಿಗೆ ಕಾಯಿಸಿ ಬಡಿದ ಪ್ರತಿ ತಂಡದ ಒಂದು ಬಿಲ್ಲೆಯನ್ನು ನಡುವೆ ಕೊಯ್ದು ನೋಡಬೇಕೆಂದು ನಿಯಮ. ನಡುವೆ ಕೊಯ್ದರೆ ಆ ಬಿಲ್ಲೆ ಮತ್ತೆ ಉಪಯೋಗಕ್ಕೆ ಬಾರದು. ಅಂಚಿನಲ್ಲಿ ಹೇಗೂ ಕತ್ತರಿಸಿ ಬಿಸಾಡುವ ಹೆಚ್ಚುವರಿ ಲೋಹ ಇರುತ್ತದಲ್ಲ, ಅಲ್ಲಿಂದ ಚೂರು ತೆಗೆದರೆ ಯಾರಿಗೂ ನಷ್ಟವಿಲ್ಲ. ಹೀಗಾಗಿ ವರ್ಷಗಳಿಂದ ಎಲ್ಲರೂ ಅಂಚನ್ನೇ ಕೊಯ್ಯುತ್ತಿದ್ದರು, ವರದಿಯಲ್ಲಿ "ನಡುಭಾಗ" ಎಂದು ಬರೆಯುತ್ತಿದ್ದರು. ನಾನೂ ಬರೆದೆ. ಮಹಿಬೂಬಸಾಬರು ಹೇಳಿದ ಆ ತಂಡದ ಅಂಚಿನ ಚೂರಿನಲ್ಲಿ ಗುಂಡುಕಾಳು ಚೆಂದಾಗಿ ಕಂಡಿತು. ರಚನೆ ಎಲ್ಲೆಡೆ ಸಮನಾಗಿದೆ ಎಂದು ಬರೆದು ಸಹಿ ಹಾಕಿದೆ. ಕಂಬಾರನ ಮಗಳು, ಅಂಚಿನ ಚೂರು ನೋಡಿ ಸಹಿ ಹಾಕಿದೆ.

ಕೆಲವು ತಿಂಗಳ ಮೇಲೆ ಸುದ್ದಿ ಬಂತು. ಬಿಲ್ಲೆ ಕೊಂಡವರು ತಮ್ಮಲ್ಲಿ ತಿರುಗಿಸಿ ಪರೀಕ್ಷೆ ಮಾಡುವಾಗ ಆ ತಂಡದ ಒಂದು ಬಿಲ್ಲೆ, ತಾಳಬೇಕಾದಷ್ಟು ತಾಳದೆ, ಬಿರಿದುಹೋಗಿತ್ತು. ಪುಣ್ಯಕ್ಕೆ ಅದು ಪರೀಕ್ಷೆಯ ಕೋಣೆಯಲ್ಲಿ, ಆಕಾಶದಲ್ಲಲ್ಲ. ಮುರಿದ ತುಂಡುಗಳು ಅವರ ಬಳಿಯೇ ಇದ್ದವು, ನಮಗೆ ಬಂದದ್ದು ಫೋಟೋ ಮಾತ್ರ. ವಿಚಾರಣೆ ಕೂತಿತು. ಮೇಜಿನ ಮೇಲೆ ನನ್ನ ವರದಿ ಇತ್ತು. ಲೋಹದಲ್ಲಿ ದೋಷವಿಲ್ಲವೆಂದು ಪ್ರಯೋಗಾಲಯವೇ ಹೇಳಿದ ಮೇಲೆ ದೋಷ ಕೈಯದ್ದೇ ಇರಬೇಕು. ಸುತ್ತಿಗೆ ಓರೆಯಾಗಿ ಬಿದ್ದು ಲೋಹ ಮಡಚಿಕೊಂಡಿದೆ, ಬಿರುಕು ಆ ಮಡಿಕೆಯಿಂದ ಹೊರಟಿದೆ ಎಂದು ಫೋರ್ಜ್ ಮ್ಯಾನೇಜರರು ವಾದಿಸಿದರು. ಮಹಿಬೂಬಸಾಬರನ್ನು ಅವತ್ತೇ ಸುತ್ತಿಗೆಯಿಂದ ಇಳಿಸಿದರು.

ಎರಡನೆಯ ದಿನ ಅವರು ಪ್ರಯೋಗಾಲಯದ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತರು.

"ಅಕ್ಕಾರ, ನಾ ಓರೆ ಹೊಡದಿಲ್ರಿ. ಖರೆ ಹೇಳ್ತೇನಿ. ನೀವು ನಡುವ ಕೊಯ್ದು ನೋಡೀರಲ್ಲ, ಅಲ್ಲಿ ಏನಿತ್ತು ಅಷ್ಟ ಹೇಳ್ರಿ, ಸಾಕು."

ಅವರ ಮುಖ ನೋಡಲಾಗಲಿಲ್ಲ. "ಎಲ್ಲಾ ರಿಪೋರ್ಟಿನ್ಯಾಗ ಬರದದ ಭಾಯಿ" ಅಂದೆ.

"ನೀವು ಬರದೀರಂದ್ರ ಖರೇನ ಇರ್ತದ ಬಿಡ್ರಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ನನ್ನನ್ನು ಬೈದಿದ್ದರೆ ಇಷ್ಟು ವರ್ಷ ಆ ಮಾತು ನನ್ನನ್ನು ಹೀಗೆ ಕಾಡುತ್ತಿರಲಿಲ್ಲ.

ಏಕೆ ಸುಮ್ಮನಿದ್ದೆ? ಹೆದರಿದ್ದೆ, ಅಷ್ಟೇ. ಅಂಚು ಕೊಯ್ದಿದ್ದು ನಾನೊಬ್ಬಳೇ ಅಲ್ಲವೆಂದು ಮನಸ್ಸು ವಕೀಲಿ ಮಾಡುತ್ತಿತ್ತು. ನಿಜ ಹೇಳಿದರೆ ಮನೆಗೆ ಹೋಗುವವಳು ಮಾತ್ರ ನಾನೊಬ್ಬಳೇ ಅನ್ನಿಸುತ್ತಿತ್ತು. ನಾಲ್ಕು ದಿನ ಹಾಗೇ ಕಳೆದವು. ಐದನೆಯ ದಿನ ಬೆಳಗ್ಗೆ ರಾಜಗೋಪಾಲ ಸರ್ ಕೋಣೆಗೆ ಹೋಗಿ, ಅದೇ ತಂಡದ ಇನ್ನೊಂದು ಬಿಲ್ಲೆ ಉಗ್ರಾಣದಲ್ಲಿದೆ, ಅದನ್ನು ಕೊಯ್ಯಬೇಕು ಅಂದೆ.

"ಯಾಕಮ್ಮ? ನಡುಭಾಗ ನೋಡಿದೀಯಲ್ಲ?"

ನನ್ನ ವರದಿಯ ಪ್ರತಿಯನ್ನು ಅವರ ಮುಂದಿಟ್ಟು, "ನಡುಭಾಗ" ಎಂಬ ಮಾತಿನ ಮೇಲೆ ಬೆರಳಿಟ್ಟೆ.

"ಶಾಂತಾ, ಮೊದಲನೇ ಚೂರು ಎಲ್ಲಿಂದ ತೆಗೆದೆ?"

"ಅಂಚಿನಿಂದ ಸರ್."

ಸರ್ ಕನ್ನಡಕ ತೆಗೆದರು. ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದು ಕೂತರು. ಆ ರೂಢಿ ಅವರಿಗೂ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು. "ನಡಿ" ಎಂದು ಎದ್ದರು.

ಬಿಲ್ಲೆಯನ್ನು ನಟ್ಟನಡುವೆ ಕೊಯ್ಯಲು ಮಧ್ಯಾಹ್ನದವರೆಗೂ ಹಿಡಿಯಿತು. ಕೊಯ್ದ ಮುಖವನ್ನು ಹೊಳಪಿಸಿ ಆಸಿಡ್ಡಿನಲ್ಲಿ ತೊಳೆದಾಗ ಸೂಕ್ಷ್ಮದರ್ಶಕವೇ ಬೇಕಾಗಲಿಲ್ಲ. ಅಂಚಿನ ಸುತ್ತ ಒಂದೇ ಸಮನಾದ ಮಾಸಲು ಬೂದಿ. ಒಳಗೆ ಹೋದಂತೆ ಬರಿಗಣ್ಣಿಗೇ ಕಾಣುವ ದಪ್ಪ ಕಣಗಳು, ತಿರುಗಿಸಿದರೆ ಒಂದೊಂದೂ ಬೇರೆ ಬೇರೆಯಾಗಿ ಮಿನುಗುತ್ತಿದ್ದವು. ಹೊರಗೆ ಹಿಟ್ಟು, ನಡುವೆ ನುಚ್ಚು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವನು ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ ನಾಚಿಕೆಯಾಯಿತು.

ಅಷ್ಟರಲ್ಲಿ ತಡವಾಗಿತ್ತು. ತಪ್ಪು ಒಪ್ಪಿಕೊಂಡರೆ ಕೆಲಸದಿಂದ ತೆಗೆಯುವುದಿಲ್ಲವೆಂದು ಮ್ಯಾನೇಜರರು ಹೇಳಿದ್ದಕ್ಕೆ, ಹಿಂದಿನ ದಿನವೇ ಮಹಿಬೂಬಸಾಬರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದರು. ನನ್ನ ನಾಲ್ಕು ದಿನದಲ್ಲಿ ಒಂದು ದಿನ ಕಡಿಮೆಯಾಗಿದ್ದರೂ ಅವರು ಸಹಿ ಹಾಕಬೇಕಾಗುತ್ತಿರಲಿಲ್ಲ.

ಸರ್ ನನ್ನ ಜತೆ ನಿಂತರು. ನಿಯಮ ಮುರಿದದ್ದು ಇಡೀ ಪ್ರಯೋಗಾಲಯ ಎಂದು ಬರೆದುಕೊಟ್ಟರು. ನನಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಮಹಿಬೂಬಸಾಬರ ಮೇಲಿನ ಆರೋಪವನ್ನೂ ಕೈಬಿಟ್ಟರು. ಆದರೆ ಒಮ್ಮೆ ಸಹಿ ಹಾಕಿದವನನ್ನು ಮತ್ತೆ ಸುತ್ತಿಗೆಗೆ ಹತ್ತಿಸಲು ಮ್ಯಾನೇಜರರು ಒಪ್ಪಲಿಲ್ಲ. ಅವರನ್ನು ಲೋಹದ ಸಿಪ್ಪೆ ಆರಿಸುವ ಅಂಗಳಕ್ಕೆ ಹಾಕಿದರು. ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ಅವರು ಆ ಕಡೆಗೆ ತಲೆ ವಾಲಿಸುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಆರು ತಿಂಗಳಿಗೆ ಬಿಟ್ಟು ಊರಿಗೆ ಹೊರಟುಹೋದರು.

ಇಲ್ಲಿಯವರೆಗಿನದನ್ನು ನಾನು ಒಬ್ಬಿಬ್ಬರಿಗೆ ಹೇಳಿದ್ದೇನೆ. ತಪ್ಪೊಪ್ಪಿಕೊಂಡ ಧೈರ್ಯವಂತೆ ಎಂದು ಅವರು ಹೊಗಳಿದ್ದೂ ಉಂಟು. ಮುಂದಿನದನ್ನು ಯಾರಿಗೂ ಹೇಳಿಲ್ಲ. ಕೊನೆಯ ವರದಿ ಬರೆದವಳು ನಾನೇ. "ಹೊಡೆತಗಳ ನಡುವೆ ಬಿಡುವಿಲ್ಲದ್ದರಿಂದ ನಡುಭಾಗದ ಕಾವು ಏರಿದೆ ಎಂದು ಪ್ರಯೋಗಾಲಯದ ಪರಿಶೀಲನೆಯಿಂದ ಕಂಡುಬಂದಿದೆ" ಎಂದು ಬರೆದೆ. ಆ ವಾಕ್ಯ ಎಲ್ಲರಿಗೂ ಹಿಡಿಸಿತು. ಹೊಡೆತಗಳ ನಡುವೆ ಬಿಡುವು ಕಡ್ಡಾಯವಾಯಿತು, ನಡುವಿನ ಬಣ್ಣ ಬೆಳ್ಳಗಾದರೆ ನಿಲ್ಲಿಸಬೇಕೆಂದು ಗೋಡೆಯ ಮೇಲೆ ಸೂಚನೆ ಬಂತು. ಹೊರಗಿನಿಂದ ಬಂದವರು ನನ್ನ ಸೂಕ್ಷ್ಮದೃಷ್ಟಿಯನ್ನು ಮೆಚ್ಚಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ, ಬೇರೆಯವರು ಹೇಳಿದ್ದೆಂದು ಬಾಯಿಬಿಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಈಗ ಉಜ್ಜುವುದು ಯಂತ್ರ. ಚಿತ್ರ ಪರದೆಯ ಮೇಲೆ ಬರುತ್ತದೆ, ಗುಂಡುಕಾಳು ಎಷ್ಟು ಹಾಳೆ ಎಷ್ಟು ಎಂದು ಕಂಪ್ಯೂಟರೇ ಬಣ್ಣ ಹಚ್ಚಿ ಎಣಿಸಿ ಕೊಡುತ್ತದೆ. ನಮ್ಮ ಕಾಲದ ಹಾಗೆ ಬೆರಳು ಸವೆಸಿಕೊಳ್ಳುವ ಅಗತ್ಯವಿಲ್ಲ, ಅದು ಒಳ್ಳೆಯದೇ. ಹುಡುಗಿಯರೇ, ಆ ಕಂಪ್ಯೂಟರಿಗೆ ಒಂದು ವಿಷಯ ಮಾತ್ರ ಗೊತ್ತಿರುವುದಿಲ್ಲ, ಚೂರು ಎಲ್ಲಿಂದ ಬಂತೆಂಬುದು. ಅದನ್ನು ಗೊತ್ತುಮಾಡುವುದು ನಿಮ್ಮ ಕೈ. ಸುತ್ತಿಗೆಯ ಬಳಿ ನಿಂತವರು ಏನು ಹೇಳುತ್ತಿದ್ದಾರೆಂಬುದೂ ಅದಕ್ಕೆ ಕೇಳಿಸುವುದಿಲ್ಲ.

ನಿವೃತ್ತಳಾದ ದಿನ ನನ್ನ ಮೇಜಿನ ಡ್ರಾಯರಿನಿಂದ ನಾನು ಕೇಳಿ ತಂದದ್ದು ಒಂದೇ, ಆ ಬಿಲ್ಲೆಯಿಂದ ಕೊಯ್ದ ತೆಳುವಾದ ಹೋಳು. ಕಳೆದ ಮಾಘದಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಜೇವರ್ಗಿಯಿಂದ ಕಲಬುರಗಿಗೆ, ಅಲ್ಲಿಂದ ಆಳಂದದ ಬಸ್ಸಿಗೆ ಹತ್ತಿದೆ. ವಿಚಾರಿಸುತ್ತ ಹೋದರೆ ಅವರ ಅಂಗಡಿ ಸುಲಭವಾಗಿ ಸಿಕ್ಕಿತು. ಕಬ್ಬು ಕಡಿಯುವವರ ಕೊಯ್ತಾಗಳಿಗೆ ಸಾಣೆ ಹಿಡಿಯುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸಾಣೆ ನಿಲ್ಲಿಸಿದರು.

"ಅಕ್ಕಾರ ಅಲ್ಲೇನ್ರಿ? ಬರ್ರಿ, ಕುಂದರ್ರಿ."

ಕೂತೆ. ಕ್ಷೇಮ ಕೇಳಿದರು, ಹೇಳಿದೆ. ಆಮೇಲೆ ಟವೆಲ್ಲು ಬಿಚ್ಚಿ ಹೋಳನ್ನು ಅವರ ಕೈಗಿಟ್ಟೆ. ಅವರು ಎದ್ದು ಅಂಗಡಿಯ ಹೊರಗೆ ಬಿಸಿಲಿಗೆ ಹೋದರು. ತಲೆ ವಾಲಿಸಿ, ಕಣ್ಣು ಕಿರಿದು ಮಾಡಿ, ಹೋಳನ್ನು ಮೆಲ್ಲಗೆ ತಿರುಗಿಸುತ್ತ ಬಹಳ ಹೊತ್ತು ನೋಡಿದರು. ಹೆಬ್ಬೆರಳು ಅಂಚಿನಿಂದ ನಡುವಿಗೆ ಬಂದು ಅಲ್ಲೇ ನಿಂತಿತು.

"ಕಣ ಇಷ್ಟ ದಪ್ಪ ಆಗಿತ್ತಾ!" ಅಂದರು. ಆಮೇಲೆ, "ಅಂದ್ರ ನಾ ಕಂಡಿದ್ದು ಖರೆ ಇತ್ತು" ಅಂದರು.

"ಖರೆ ಇತ್ತು ಭಾಯಿ. ನಾ ಅಂಚು ಕೊಯ್ದಿದ್ದೆ. ನೀವು ಬಾಗಿಲಿಗೆ ಬಂದ ದಿನ ಸುಳ್ಳು ಹೇಳ್ದೆ. ನನ್ನ ಕ್ಷಮಾ ಮಾಡ್ರಿ."

ಅವರು ಎದುರಿನ ಹೋಟೆಲಿನವನಿಗೆ ಎರಡು ಚಹಾ ಎಂದು ಕೈ ಮಾಡಿದರು. ಚಹಾ ಬಂತು, ಕುಡಿದೆವು. ಗ್ಲಾಸು ಕೆಳಗಿಟ್ಟು ಕೇಳಿದರು:

"ನಡುವ ಬಿಸಿ ಏರಾಕತ್ತದಂತ ನಾ ಅವತ್ತ ಊಟದಾಗ ಹೇಳಿದ್ನಲ್ಲ. ಅದನ್ನ ಅಲ್ಲಿ ಎಲ್ಲ್ಯರ ಬರದಾರೇನ್ರಿ?"

"ಇಲ್ಲ ಭಾಯಿ. ಲ್ಯಾಬಿನವರು ಕಂಡುಹಿಡದ್ರು ಅಂತ ಬರದದ. ನಾನ ಬರದೇನಿ."

ಅವರು ಹೋಳನ್ನು ಅದೇ ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿ ನನ್ನ ಕೈಗೆ ವಾಪಸು ಕೊಟ್ಟರು.

"ಕ್ಷಮಾ ಗಿಮಾ ಇರ್ಲಿ ಬಿಡ್ರಿ ಅಕ್ಕಾರ. ಅದಷ್ಟು ಬರೀರಿ" ಅಂದು ಸಾಣೆಯ ಕಡೆ ತಿರುಗಿದರು.

ಬರೆಯುತ್ತಿದ್ದೇನೆ. ಆ ಬಿಲ್ಲೆಯ ನಡುವೆ ಕಾವು ಏರುತ್ತಿದೆಯೆಂದು ಮೊದಲು ಕಂಡವರು, ಮೊದಲು ಹೇಳಿದವರು, ಆಳಂದದ ಮಹಿಬೂಬಸಾಬರು, ಸುತ್ತಿಗೆ ನಡೆಸುತ್ತಿದ್ದವರು. ಪ್ರಯೋಗಾಲಯವಲ್ಲ. ನಾನಲ್ಲ.